ಎಂಜಿನ್ ನಿಂತ ಮೇಲೂ

ಭೀಮಪ್ಪನ ಬಲಗೈ ಹೆಬ್ಬೆರಳಿಗೆ ಬಲ ಇರಲಿಲ್ಲ. ಒಮ್ಮೆ ಲಾರಿಯ ಹಿಂಬಾಗಿಲು ಬಿದ್ದು ಜಜ್ಜಿತ್ತು. ಮೂಳೆ ಕೂಡಿತು, ಹಿಡಿತ ಮರಳಲಿಲ್ಲ. ಸ್ಟಿಯರಿಂಗಿಗೆ ಉಳಿದ ನಾಲ್ಕು ಬೆರಳು ಸಾಕಿತ್ತು. ಆದರೆ ಅವನ ಹಳೇ ಲಾರಿಯ ಡೀಸೆಲ್ ಪಂಪು ದಿನಾ ಬೆಳಿಗ್ಗೆ ಹೆಬ್ಬೆರಳನ್ನೇ ಕೇಳುತ್ತಿತ್ತು.

ರಾತ್ರಿಯೆಲ್ಲ ನಿಂತ ಗಾಡಿಯ ಪೈಪಿನಲ್ಲಿ ಗಾಳಿ ಸೇರಿಕೊಳ್ಳುತ್ತಿತ್ತು. ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಆ ಪಂಪು ಎಂಜಿನ್ ತಿರುಗಿದರೆ ಮಾತ್ರ ಕೆಲಸ ಮಾಡುವಂಥದ್ದು. ಎಂಜಿನ್ ತಿರುಗಲು ಮೊದಲು ಡೀಸೆಲ್ ಬರಬೇಕು. ಹಾಗಾಗಿ ಬಾನೆಟ್ ಎತ್ತಿ, ಪಂಪಿನ ತಲೆಯ ಮೇಲಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಗಾಳಿ ತೆಗೆಯಬೇಕು. ಭೀಮಪ್ಪ ಅಂಗೈ ಒತ್ತುತ್ತಿದ್ದ, ಮೊಣಕೈ ಒತ್ತುತ್ತಿದ್ದ, ಬೈಯುತ್ತಿದ್ದ. ಅಷ್ಟರಲ್ಲಿ ಹೊತ್ತೇರುತ್ತಿತ್ತು. ಲಾರಿಗಳನ್ನು ಪೊಲೀಸರು ಊರೊಳಗೆ ಬಿಡದ ಹೊತ್ತು ಶುರುವಾಗುವ ಮೊದಲು ಪೀಣ್ಯದ ಫೌಂಡ್ರಿಯ ಎರಕದ ಮಾಲು ಕುಂದಲಹಳ್ಳಿಯ ಕಾರ್ಖಾನೆ ಸೇರಬೇಕಿತ್ತು. ಎರಡು ಸಲ ಸೇರಿರಲಿಲ್ಲ.

"ಇನ್ನೊಂದ್ಸಲ ಲೇಟಾದ್ರೆ ಬೇರೆ ಗಾಡಿ ಹಾಕ್ತೀವಿ, ಭೀಮಪ್ಪ ಅವ್ರೇ," ಎಂದಿದ್ದಳು ಫೌಂಡ್ರಿಯಲ್ಲಿ ಮಾಲು ಕಳಿಸುವ ಕೆಲಸ ನೋಡುವ ಕೃಪಾ. "ಆಮೇಲೆ ನನ್ ಮೇಲೆ ಬೇಜಾರ್ ಮಾಡ್ಕೋಬೇಡಿ."

ಅವನಿಗಿದ್ದದ್ದು ಅದೊಂದೇ ಕಾಯಂ ಬಾಡಿಗೆ. ಅವತ್ತೇ ಸಂಜೆ ಗಾಡಿಯನ್ನು ವಸಂತನ ಗ್ಯಾರೇಜಿಗೆ ಹೊಡೆದ.

"ಹೆಸರು ಭೀಮ, ಒಂದ್ ಪಂಪ್ ಹೊಡಿಯಕ್ಕಾಗಲ್ವಾ?" ಎಂದ ವಸಂತ್, ಲಾರಿಯ ಕೆಳಗೆ ಮಲಗಿಕೊಂಡೇ.

"ಭೀಮಗ ಗದಾ ಕೊಟ್ಟಿದ್ರೋ, ಪಂಪ್ ಕೊಟ್ಟಿರ್ಲಿಲ್ಲ. ನೀ ಕರೆಂಟಿನ ಪಂಪ್ ಹಾಕು."

ವಸಂತ್ ಹಳೆಯದನ್ನು ಬಿಚ್ಚಿ, ಅದರ ಜಾಗಕ್ಕೆ ತಗಡು ಮುಚ್ಚಿ, ಟ್ಯಾಂಕಿನ ಪಕ್ಕ ಚಾಸಿಗೆ ಮುಷ್ಟಿಗಾತ್ರದ ಹೊಸ ಪಂಪು ಕೂರಿಸಿದ. ವೈರು ಎಳೆಯುವ ಹೊತ್ತಿಗೆ ಕೈ ಒರೆಸಿಕೊಂಡು ಎದ್ದು ಕೂತ.

"ಇದಕ್ಕೆ ಆಯಿಲ್ ಪ್ರೆಷರ್ ಸ್ವಿಚ್ ಹಾಕ್ಬೇಕು ಅಣ್ಣ. ಎಂಜಿನ್ ನಿಂತ್ರೆ ಪಂಪೂ ತಾನಾಗೇ ನಿಲ್ಲುತ್ತೆ. ಸ್ವಿಚ್ ನಾಳೆ ಮಧ್ಯಾಹ್ನ ಬರುತ್ತೆ. ಫಿಲ್ಟರ್ ಹತ್ರ ಈ ರಬ್ಬರ್ ಪೈಪೂ ಹೋಗಿದೆ. ಹಳೇ ಪಂಪು ಮೆಲ್ಲಗೆ ತಳ್ತಿತ್ತು, ಇದು ಜೋರು, ಪೈಪ್ ತಡೆಯಲ್ಲ. ಗಾಡಿ ಇಲ್ಲೇ ಇರ್ಲಿ."

"ನಾಳಿ ಮುಂಜಾನಿ ಲೋಡ್ ಐತಿ. ಆಗಂಗಿಲ್ಲ."

"ಒಂದಿನ ಕಣ್ರೀ!"

"ಒಂದಿನಾನೇ ಆಗಂಗಿಲ್ಲ ಅಂದ್ನೆಲ್ಲ."

ವಸಂತ್ ಮತ್ತೆ ವೈರು ಕೈಗೆತ್ತಿಕೊಂಡ. "ಸರಿ, ಪಂಪಿನ ವೈರು ಚಾವಿಗೇ ಕೊಡ್ತೀನಿ. ಎಂಜಿನ್ ನಿಲ್ಲಿಸಿದ ತಕ್ಷಣ ಚಾವಿ ಆಫ್ ಮಾಡ್ಬೇಕು. ಇಲ್ಲಾಂದ್ರೆ ಪಂಪು ಓಡ್ತಾನೇ ಇರುತ್ತೆ. ಕೇಳಿಸ್ತಾ?"

"ಕೇಳಿಸ್ತೋ ಮಾರಾಯ."

ಕೇಳಿಸಿತ್ತು. ಆದರೆ ಆ ಲಾರಿಯ ಎಂಜಿನ್ ನಿಲ್ಲಿಸಲು ಚಾವಿ ಬೇಕೇ ಇರಲಿಲ್ಲ. ಸ್ಟಿಯರಿಂಗಿನ ಕೆಳಗೊಂದು ಸ್ಟಾಪ್ ವೈರು; ಅದರ ತುದಿಯ ಗುಂಡು ಹಿಡಿದು ಎಳೆದರೆ ಎಂಜಿನ್ ಗೊರಗೊರ ಎಂದು ಸಾಯುತ್ತಿತ್ತು. ಚಾವಿ ಇದ್ದದ್ದು ಫ್ಯಾನಿಗೆ, ಮೊಬೈಲ್ ಚಾರ್ಜಿಗೆ. ಅದನ್ನು ತಿರುಗಿಸುವುದು ಮನೆಗೆ ಹೋಗುವಾಗ ಮಾತ್ರ. ಬಾದಾಮಿ ಕಡೆಯಿಂದ ಬಂದು ಡ್ರೈವರಾದಾಗಿನಿಂದ ಅವನ ಕೈ ಹಾಗೆಯೇ ಕಲಿತಿತ್ತು.

ಮರುದಿನ ಇನ್ನೂ ಕತ್ತಲಿರುವಾಗ ಚಾವಿ ತಿರುಗಿಸಿದ. ಚಾಸಿಯ ಕೆಳಗೆ ಜೇನು ಹೊಕ್ಕಂತೆ ಗುಂಯ್ ಎಂದಿತು. ಸ್ಟಾರ್ಟರ್ ಒತ್ತಿದ. ಮೊದಲ ಒತ್ತಿಗೇ ಎಂಜಿನ್ ಎದ್ದಿತು. ಭೀಮಪ್ಪ ಒಬ್ಬನೇ ಕ್ಯಾಬಿನ್ನಿನಲ್ಲಿ ನಕ್ಕ. ಫೌಂಡ್ರಿಯ ಗೇಟಿಗೆ ಎಲ್ಲರಿಗಿಂತ ಮೊದಲು ಹೋಗಿ ಮಾಲು ತುಂಬಿಸಿಕೊಂಡು, ಹೊರಗಿನ ಇಳಿಜಾರಿನ ಮೇಲ್ತುದಿಯಲ್ಲಿ ಸಾಲಿನ ತಲೆಗೆ ನಿಂತ. ಹಿಂದೆ ನಾಲ್ಕು ಲಾರಿ.

ಮಾಲಿನ ಜೊತೆ ಹೋಗಬೇಕಾದ ಟೆಸ್ಟ್ ರಿಪೋರ್ಟು ಬರಲಿಲ್ಲ. ಪ್ರಿಂಟರು ಕೆಟ್ಟಿದೆ ಎಂದರು. ಭೀಮಪ್ಪ ಸ್ಟಾಪ್ ವೈರು ಎಳೆದ, ಫ್ಯಾನು ಮುಖಕ್ಕೆ ತಿರುಗಿಸಿಕೊಂಡ. ಇಳಿದ. ಗೇಟಿಗೆ ಹೋದ. "ಬಂತೇನ್ರಿ?" ಬಂದಿರಲಿಲ್ಲ. ವಾಪಸ್ ಬಂದು ಹತ್ತಿದ, ಆಕಾಶ ನೋಡಿದ, ಬೀಡಿ ಹಚ್ಚಿದ, ಅರ್ಧಕ್ಕೇ ಆರಿಸಿದ. ಮತ್ತೆ ಇಳಿದ.

"ಕಾಲಾಗ ಇರವಿ ಹತ್ಯಾವೇನೋ ಭೀಮ್ಯಾ?" ಎಂದು ಕೊನೆಯ ಲಾರಿಯ ಮುದಕಪ್ಪ ಕೂಗಿದ. "ಒಂದ್ ಕಡೆ ಕುಂದ್ರು!"

"ನಿನ್ನ ಮಾಲು ತುಮಕೂರಿಗೆ ಹೋಗೂದು. ನೀ ಮಲಕ್ಕೋ."

ಗೇಟಿನಾಚೆ ಬ್ಲೋವರುಗಳು ಒದರುತ್ತಿದ್ದವು. ಕ್ಯಾಬಿನ್ನಿನ ಫ್ಯಾನು ಕಟಕಟ ಎನ್ನುತ್ತಿತ್ತು. ಅವುಗಳ ನಡುವೆ ಜೇನಿನ ಸದ್ದು ಯಾರಿಗೂ ಕೇಳಿಸಲಿಲ್ಲ. ಬೆಳಕು ಹರಿಯಿತು. ಬೆಳಗಿನ ಪಾಳಿಯವರು ಮೆಟ್ರೋ ಕಡೆಯಿಂದ ನಡೆದೂ ಸ್ಕೂಟರಿನಲ್ಲೂ ಬರತೊಡಗಿದರು.

ಇಳಿಜಾರಿನ ಬುಡದ ತಿರುವಿನಲ್ಲಿ ಸ್ಕೂಟರೊಂದು ಉದ್ದಕ್ಕೆ ಜಾರಿಕೊಂಡು ಹೋಯಿತು. ಹೆಂಗಸರು ಕಿರುಚಿದರು. ಭೀಮಪ್ಪ ಎಲ್ಲರ ಜೊತೆ ಓಡಿದ.

ಹುಡುಗಿ ಎದ್ದು ಕೂತಿದ್ದಳು. ಬಾಯಿಯಿಂದ ರಕ್ತ ಇಳಿಯುತ್ತಿತ್ತು. "ಭಾಗ್ಯಶ್ರೀ, ಕೈ ತಗೀಯೇ, ಬಾಯಿ ತೋರ್ಸು," ಎಂದು ಗೆಳತಿ ಗೋಗರೆಯುತ್ತಿದ್ದಳು. ಅವಳು ಕೈ ತೆಗೆದಳು. ಅಂಗೈಯಲ್ಲಿ ಎರಡು ಹಲ್ಲು.

"ಯಾಂವ ಚೆಲ್ಲ್ಯಾನ್ರಿ ಇದನ್ನ?" ಎಂದಳು ಹುಡುಗಿ, ಮಾತು ಸೋರುತ್ತ. "ಕಣ್ಣ್ ಕಾಣಂಗಿಲ್ಲೇನ್ ಅವಗ?"

ಅವನ ಸೀಮೆಯದೇ ಮಾತು. ಭೀಮಪ್ಪ ರಸ್ತೆ ನೋಡಿದ. ಡಾಂಬರಿನ ಮೇಲೆ ಡೀಸೆಲ್ ಮಿನುಗುತ್ತಿತ್ತು. ಅದರ ಉದ್ದ ಪಟ್ಟಿ ಮುದಕಪ್ಪನ ಲಾರಿಯ ಕೆಳಗಿನಿಂದ ಬಂದಿತ್ತು. ಜನ ಅಷ್ಟೇ ನೋಡಿ ಮುದಕಪ್ಪನ ಕೊರಳಪಟ್ಟಿಗೆ ಕೈ ಹಾಕಿದರು.

"ನನ್ನ ಗಾಡಿ ಒಣಗೈತ್ರಿ! ಬಗ್ಗಿ ನೋಡ್ರಿ ಬೇಕಾದ್ರ!"

ಬಗ್ಗಿ ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ಭೀಮಪ್ಪ ಪಟ್ಟಿಯ ಜೊತೆ ಮೇಲಕ್ಕೆ ನಡೆದ. ಒಂದು ಲಾರಿ, ಎರಡು, ಮೂರು, ನಾಲ್ಕು. ಪಟ್ಟಿ ನಿಂತದ್ದು ಅವನ ಮುಂಚಕ್ರದ ಹತ್ತಿರ. ಫಿಲ್ಟರಿನ ಪಕ್ಕದ ರಬ್ಬರ್ ಪೈಪು ಸೀಳಿ, ಡೀಸೆಲ್ ಸಣ್ಣ ಧಾರೆಯಾಗಿ ಚರಂಡಿಯ ಅಂಚಿಗೆ ಬೀಳುತ್ತಿತ್ತು. ಬಗ್ಗಿದ್ದಕ್ಕೆ ಪಂಪಿನ ಸದ್ದು ಕೇಳಿಸಿತು.

ಕ್ಯಾಬಿನ್ನಿಗೆ ಕೈ ಹಾಕಿ ಚಾವಿ ತಿರುಗಿಸಿದ. ಸದ್ದು ನಿಂತಿತು. ಧಾರೆ ಹನಿಯಾಯಿತು, ಹನಿಯೂ ನಿಂತಿತು.

ಕೆಳಗೆ ಅಂಗಿ ಹರಿದ ಸದ್ದು. "ನಂದಲ್ರೀ ಯಪ್ಪಾ!" ಮುದಕಪ್ಪನ ದನಿ.

ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಬಾಡಿಗೆಯೂ ಅಲ್ಲಿಗೇ ಮುಗಿಯುತ್ತಿತ್ತು. ಪೊಲೀಸರು ಬರುತ್ತಾರೆ, ಗಾಡಿ ಹಿಡಿಯುತ್ತಾರೆ, ಲಾರಿ ಬಿಡದ ಹೊತ್ತಾಗುತ್ತದೆ. ಭೀಮಪ್ಪ ಸೀಟಿನ ಕೆಳಗಿನಿಂದ ಸೈಕಲ್ ಟ್ಯೂಬಿನ ಪಟ್ಟಿ ತೆಗೆದು, ಟೈರು ನೋಡುವವನಂತೆ ಕೂತು, ಸೀಳಿದ ಪೈಪಿಗೆ ಬಿಗಿಯಾಗಿ ಸುತ್ತಿದ. ನಾಲ್ಕು ಬೆರಳಿನಲ್ಲಿ ಗಂಟು ಹಾಕಲು ಹಲ್ಲೂ ಬೇಕಾಯಿತು. ಬಾಯಿತುಂಬ ಡೀಸೆಲ್ ರುಚಿ.

ಕೃಪಾ ಕಾಗದ ಹಿಡಿದು ಓಡಿ ಬಂದಳು. "ಸಾರಿ, ಲೇಟಾಯ್ತು. ಹೊರಡಿ ಹೊರಡಿ. ಅದೇನ್ ಗಲಾಟೆ ಅಲ್ಲಿ?"

"ಯಾರೋ ಬಿದ್ದಾರ್ರಿ ಮೇಡಂ."

ಮೊದಲ ಒತ್ತಿಗೇ ಎಂಜಿನ್ ಎದ್ದಿತು. ಜನ ಹಿಂದೆ ದೂರವಾಗುವವರೆಗೂ ಅವನು ಕನ್ನಡಿ ನೋಡಲಿಲ್ಲ.

ಗೊರಗುಂಟೆಪಾಳ್ಯ ದಾಟಿದ. ಹೆಬ್ಬಾಳದ ಮೇಲ್ಸೇತುವೆ ಹತ್ತಿ ಇಳಿದ. ಹೊತ್ತು ಇನ್ನೂ ಕೈಯಲ್ಲಿತ್ತು, ಮುಟ್ಟಬಹುದಿತ್ತು. ನಾಗವಾರದ ಹತ್ತಿರ ಎಂಜಿನ್ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ, ನಡುರಸ್ತೆಯಲ್ಲಿ ಸತ್ತಿತು. ಹಿಂದಿನ ಕ್ಯಾಬುಗಳು, ಕಂಪನಿ ಬಸ್ಸುಗಳು ಒಟ್ಟಿಗೇ ಹಾರನ್ ಹೊಡೆದವು. ವಸಂತನಿಗೆ ಫೋನು ಮಾಡಿದ.

"ನಿನ್ನ ಪಂಪ್ ಕೆಟ್ಟೈತೋ!"

"ಚಾವಿ ಆನ್ ಮಾಡಿ. ಸದ್ದು ಬರ್ತಿದ್ಯಾ?"

"ಬರಾಕತ್ತೈತಿ."

"ಹಂಗಾದ್ರೆ ಪಂಪ್ ಸರಿಯಾಗಿದೆ. ಟ್ಯಾಂಕ್ ನೋಡಿ."

ಡೀಸೆಲ್ ಮುಳ್ಳು ಕೆಟ್ಟು ಎಷ್ಟೋ ಕಾಲವಾಗಿತ್ತು. ಅಳೆಯಲು ಒಂದು ಬಿದಿರ ಕಡ್ಡಿ ಇಟ್ಟುಕೊಂಡಿದ್ದ. ಟ್ಯಾಂಕಿನ ಮುಚ್ಚಳ ತೆಗೆದು ಇಳಿಬಿಟ್ಟ. ಕಡ್ಡಿ ಒಣಗಿಯೇ ಬಂತು. ನಿನ್ನೆ ಹಾಕಿಸಿದ್ದು ಪೀಣ್ಯದ ಚರಂಡಿಯಲ್ಲಿತ್ತು.

"ಎಂಜಿನ್ ನಿಲ್ಲಿಸಿದಾಗ ಚಾವಿ ಆಫ್ ಮಾಡಿದ್ರಿ ತಾನೇ?" ವಸಂತ್ ಕೇಳುತ್ತಿದ್ದ.

"ಮಾಡಿದ್ನೆಲ್ಲ," ಎಂದು ಭೀಮಪ್ಪ ಫೋನು ಇಟ್ಟ.

ಡಬ್ಬ ಹಿಡಿದು ಬಂಕಿಗೆ ಹೋಗಿ ಬರುವಷ್ಟರಲ್ಲಿ ಟ್ರಾಫಿಕ್ ಪೊಲೀಸರು ಗಾಡಿಗೆ ಸರಪಳಿ ಹಾಕಿ ಪಕ್ಕಕ್ಕೆ ಎಳೆಸಿದ್ದರು. ಮಧ್ಯಾಹ್ನದವರೆಗೆ ಅಲ್ಲಾಡಿಸುವ ಹಾಗಿಲ್ಲ ಎಂದರು. ಕೃಪಾಳ ಫೋನು ಬಂತು. ಅವಳು ಬೈಯಲಿಲ್ಲ. ನಾಳೆಯಿಂದ ಬರಬೇಡಿ ಎಂದಳು ಅಷ್ಟೇ.

ಅವತ್ತು ಹೋದದ್ದು: ಇಪ್ಪತ್ತು ಲೀಟರ್ ಡೀಸೆಲ್, ಮುದಕಪ್ಪನ ಒಂದು ಅಂಗಿ, ಭಾಗ್ಯಶ್ರೀಯ ಎರಡು ಹಲ್ಲು, ಕುಂದಲಹಳ್ಳಿಯ ಬಾಡಿಗೆ.