ಬಾರದವರ ಲೆಕ್ಕ

ಎದೆಬಡಿತ ಸರಿಪಡಿಸುವ ಹೊಸ ಮಾತ್ರೆಯ ಪ್ರಯೋಗದಲ್ಲಿ ಕಾಲುಭಾಗ ರೋಗಿಗಳು ತಪಾಸಣೆಗೆ ಬರುವುದನ್ನೇ ನಿಲ್ಲಿಸಿದ್ದರು. ಪಟ್ಟಿಯಲ್ಲಿ ಅವರ ಎದೆಬಡಿತದ ಅಳತೆ ಇರಬೇಕಾದ ಜಾಗಗಳೆಲ್ಲ ಖಾಲಿ. ಅವನ್ನು ಯಾವ ವಿಧಾನದಿಂದ ತುಂಬಿದರೆ ಸರಿ ಎಂದು ಹೋಲಿಸಿ ಹೇಳುವುದು ಆಸ್ಪತ್ರೆಯ ಸಂಖ್ಯಾಶಾಸ್ತ್ರಜ್ಞೆಯ ಕೆಲಸ. ಆ ಮಾತ್ರೆ ನುಂಗುವವರಲ್ಲಿ ಅವಳ ಅಕ್ಕನೂ ಒಬ್ಬಳು. ಪ್ರಯೋಗಕ್ಕೆ ಸೇರು ಸೇರು ಎಂದು ದುಂಬಾಲು ಬಿದ್ದು ಒಪ್ಪಿಸಿದ್ದೂ ಇವಳೇ.

ಬಾರದವರನ್ನು ಕೈಬಿಟ್ಟು ಲೆಕ್ಕ ಹಾಕಿದರೆ ಮಾತ್ರೆ ಒಳ್ಳೆಯದು. ಅವರು ಕೊನೆಯ ಸಲ ಬಂದಾಗಿನ ಅಳತೆಯನ್ನೇ ಮುಂದಕ್ಕೆ ಎಳೆದರೆ ಇನ್ನೂ ಒಳ್ಳೆಯದು. ಅವರಂಥದೇ ವಯಸ್ಸು, ಕಾಯಿಲೆ ಇರುವ ಬೇರೆಯವರನ್ನು ನೋಡಿ ಹತ್ತಾರು ಬಾರಿ ಅಂದಾಜು ಮಾಡಿ ತುಂಬಿದರೂ ಮೋಸವಿಲ್ಲ. ಮೂರೂ ಒಂದೇ ರಾಗ ಹಾಡಿದ್ದಕ್ಕೆ ನೆಮ್ಮದಿಯಾಗಬೇಕಿತ್ತು. ಆದರೆ ಅವಳದು ಹುಟ್ಟಾ ಅನುಮಾನದ ಬುದ್ಧಿ. ಕಾಯಿಲೆ ಜೋರಾಗಿಯೇ ಅವರು ಬಾರದಿದ್ದರೆ ಎಂದುಕೊಂಡು ನಾಲ್ಕನೆಯ ಲೆಕ್ಕ ಹಾಕಿದಳು. ಮಾತ್ರೆ ಕೊಲ್ಲುವಂತೆ ಕಂಡಿತು. ಯಾವುದು ನಿಜವೆಂದು ತಿಳಿಯಬೇಕಾದರೆ ಬಾರದವರೇ ಬಂದು ಹೇಳಬೇಕಿತ್ತು.

ಮುಖ್ಯಸ್ಥ ಡಾಕ್ಟರದು ಆನೆ ನಡೆದದ್ದೇ ದಾರಿ. ಕೊನೆಯ ಅಳತೆಯ ವಿಧಾನವನ್ನೇ ಇಟ್ಟುಕೊಂಡು ವರದಿ ಮುಗಿಸಿ ಎಂದರು. ಬಾರದವರಿಗೆ ಒಮ್ಮೆ ಫೋನ್ ಮಾಡಿಸೋಣವೇ ಎಂದು ಅವಳು ಕೇಳಿದ್ದಕ್ಕೆ ನಕ್ಕುಬಿಟ್ಟರು.

"ಗುಣ ಆದವರು ಆಸ್ಪತ್ರೆ ಮೆಟ್ಟಿಲು ಯಾಕ್ರೀ ತುಳೀತಾರೆ? ಅವರ ಕೊನೇ ಅಳತೆ ನೋಡಿ, ಎಷ್ಟು ಚೆನ್ನಾಗಿದೆ."

ಅದೇನೋ ನಿಜ. ಅವಳ ಅನುಮಾನ ಹೆಚ್ಚಿಸಿದ್ದೂ ಅದೇ. ನಾಪತ್ತೆಯಾದವರೆಲ್ಲ ಅದಕ್ಕೆ ಮುಂಚಿನ ತಪಾಸಣೆಯಲ್ಲಿ ಎಂದೂ ಇಲ್ಲದಷ್ಟು ಚೆನ್ನಾಗಿದ್ದರು. ಅಕ್ಕನೂ ಮೊನ್ನೆ ಫೋನಿನಲ್ಲಿ, ಮಹಡಿ ಹತ್ತಿದರೂ ಏದುಸಿರಿಲ್ಲ ಕಣೇ, ಇನ್ನು ತಪಾಸಣೆ ಯಾತಕ್ಕೆ ಎಂದು ನಕ್ಕಿದ್ದಳು.

ಅವಳು ಡಾಕ್ಟರಿಗೆ ಹೇಳದೆ ಬಾರದವರಿಗೆ ತಾನೇ ಫೋನ್ ಹಚ್ಚಿದಳು. ಮೊದಲನೆಯದನ್ನು ಯಾರೂ ಎತ್ತಲಿಲ್ಲ. ಎರಡನೆಯದನ್ನು ರೋಗಿಯ ಗಂಡ ಎತ್ತಿದ.

"ಅವಳು ತೀರ್ಕೊಂಡು ತಿಂಗಳಾಯ್ತು. ಹಿಂದಿನ ದಿನ ಗುಂಡುಕಲ್ಲಿನ ಹಾಗಿದ್ಳು. ನಿಮ್ಮವರು ಯಾರೂ ಕೇಳ್ಲೇ ಇಲ್ಲ."

ತಕ್ಷಣ ಅಕ್ಕನ ನಂಬರು ಒತ್ತಿದಳು. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಒತ್ತುವಷ್ಟರಲ್ಲಿ ಅಮ್ಮನ ಫೋನೇ ಬಂತು. ಬೆಳಿಗ್ಗೆಯಿಂದ ಅಕ್ಕ ಫೋನ್ ಎತ್ತುತ್ತಿಲ್ಲ, ನಿನಗೇನಾದರೂ ಗೊತ್ತಾ ಎಂದು ಅಮ್ಮ ಕೇಳಿದಳು.

"ಚೆನ್ನಾಗೇ ಇದ್ದಾಳಮ್ಮ. ಮೊನ್ನೆ ತಾನೇ ಮಾತಾಡಿದ್ಲಲ್ಲ," ಎಂದುಬಿಟ್ಟಳು.

"ಮೊನ್ನೇದು ನಂಗೂ ಗೊತ್ತು ಕಣೇ. ಇವತ್ತು ಹೇಗಿದ್ದಾಳೆ?"

ಅವಳು ತಲೆಯೆತ್ತಿ ನೋಡಿದಳು. ಎದುರಿಗಿನ ಕಂಪ್ಯೂಟರಿನಲ್ಲಿ ಅಕ್ಕನ ಸಾಲು ಕಾಣುತ್ತಿತ್ತು. ಈ ವಾರದ ತಪಾಸಣೆಗೆ ಅಕ್ಕ ಬಂದಿರಲಿಲ್ಲ. ಆದರೂ ಆ ಜಾಗ ಖಾಲಿ ಇರಲಿಲ್ಲ. ಡಾಕ್ಟರು ಹೇಳಿದ ವಿಧಾನದಂತೆ ಹಿಂದಿನ ಅಳತೆ ಅಲ್ಲಿಗೆ ಬಂದು ಕೂತಿತ್ತು. ಅಕ್ಕನ ಇಡೀ ಸಾಲಿನಲ್ಲೇ ಅದು ಎಲ್ಲಕ್ಕಿಂತ ಚೆನ್ನಾಗಿತ್ತು.