ಮೂರು ವಾರಕ್ಕೆ ಬೇಕಾಗುವ ಸಾಮಾನು

ಆಸ್ಪತ್ರೆಯವರು ಕೊಟ್ಟ ಪುಸ್ತಿಕೆಯನ್ನು ಅವಳು ಮೊದಲು ಹೆಬ್ಬೆರಳಲ್ಲಿ ಸವರಿ ನೋಡಿದಳು. ಎರಡು ದೊಡ್ಡ ಹಾಳೆ, ನಡುವೆ ಮಡಿಸಿ ನಾಲ್ಕಾಗಿದ್ದವು, ಮಡಿಕೆಗೆ ಎರಡು ಪಿನ್ನು, ಎಂಟು ಪುಟ. ಕತ್ತರಿಸಿದ ಅಂಚು ಕೂದಲೆಳೆಯಷ್ಟು ಓರೆ. "ಯಾರೋ ಊಟಕ್ಕೆ ಹೋಗೋ ಅವಸರದಲ್ಲಿ ಕತ್ತರಿಸಿದ್ದಾರೆ," ಎಂದು ಗೊಣಗಿ ಗಂಡನ ಕೈಗಿತ್ತಳು. ಪುಸ್ತಕದ ಬಗ್ಗೆ ಅವಳಿಗೆ ಇಷ್ಟೆಲ್ಲ ಗೊತ್ತು, ಓದಲು ಮಾತ್ರ ಬಾರದು.

ಕೇಳಿದವರು ನಗಬಹುದು. ಪ್ರೆಸ್ಸಿನ ಬೈಂಡಿಂಗ್ ಕೋಣೆಯಲ್ಲಿ ಮೂವತ್ತೆರಡು ವರ್ಷದಿಂದ ಹಾಳೆ ಮಡಿಸುವವಳು, ಜೋಡಿಸುವವಳು, ಹೊಲಿಯುವವಳು ಅವಳು. ಹದಿನಾರು ಪುಟದ ಒಂದೊಂದು ಮಡಿಕೆಯ ಬೆನ್ನಿಗೂ ಒಂದು ಕಪ್ಪು ಗುರುತು ಅಚ್ಚಾಗಿರುತ್ತದೆ. ಕ್ರಮವಾಗಿ ಜೋಡಿಸಿದರೆ ಆ ಗುರುತುಗಳು ಮೆಟ್ಟಿಲಿನ ಹಾಗೆ ಇಳಿದು ಬರುತ್ತವೆ. ಒಂದು ಮೆಟ್ಟಿಲು ತಪ್ಪಿದರೂ ಅವಳ ಕಣ್ಣಿಗೆ ಬೀಳದೆ ಇರದು. ಒಂದು ಹಾಳೆ ಕಡಿಮೆಯಾದರೆ ಅವಳ ಹೆಬ್ಬೆರಳಿಗೇ ಗೊತ್ತಾಗುತ್ತದೆ. ಹಾಗಾಗಿ ಪ್ರೆಸ್ಸಿನವರೆಲ್ಲ ಅವಳನ್ನು ಒಳ್ಳೇ ಓದುಬರಹ ಕಲಿತವಳೆಂದೇ ನಂಬಿದ್ದರು. ಹಾಜರಿ ಪುಸ್ತಕದಲ್ಲಿ ಅವಳ ಸಹಿಯಂತೂ ಮುದ್ದಾಗಿತ್ತು. ಗಂಡ ಬರೆದು ತೋರಿಸಿದ್ದನ್ನು ಚಿತ್ರ ಬಿಡಿಸುವಂತೆ ಕಲಿತಿದ್ದಳು. ನಿಜ ಗೊತ್ತಿದ್ದದ್ದು ಅವನೊಬ್ಬನಿಗೇ.

ಅವನ ಕೆಲಸವೂ ಅದೇ ಪ್ರೆಸ್ಸಿನಲ್ಲಿ, ಮೇಲಿನ ಮಹಡಿಯಲ್ಲಿ. ಪ್ರೂಫ್ ನೋಡುವವರು ಅಚ್ಚಾದ ಹಾಳೆಯ ಮೇಲೆ ಕಣ್ಣು ನೆಟ್ಟು ಕೂರುತ್ತಾರೆ. ಇವನು ಎದುರಿಗೆ ಕೂತು ಮೂಲಪ್ರತಿಯನ್ನು ಗಟ್ಟಿಯಾಗಿ ಓದಿ ಹೇಳಬೇಕು. ಬರೀ ಮಾತು ಸಾಲದು, ಕಾಮಾ ಎಲ್ಲಿದೆ, ಫುಲ್‌ಸ್ಟಾಪ್ ಎಲ್ಲಿದೆ ಎಂಬುದನ್ನೂ ಬಾಯಿಬಿಟ್ಟು ಹೇಳಬೇಕು. ಇಪ್ಪತ್ತೆಂಟು ವರ್ಷ ಹೀಗೆ ಓದಿ ಓದಿ ಅವನಿಗೆ ಅದೇ ಚಾಳಿಯಾಗಿತ್ತು. ಮನೆಯಲ್ಲಿ ಔಷಧಿ ಬಾಟಲಿ ಓದಿದರೂ ಕಾಮಾ, ಮದುವೆ ಕರೆಯೋಲೆ ಓದಿದರೂ ಫುಲ್‌ಸ್ಟಾಪ್. ಪ್ರೆಸ್ಸಿನಲ್ಲಿ ಅವನಿಗೆ ಬಿದ್ದ ಹೆಸರೂ ಫುಲ್‌ಸ್ಟಾಪ್. ಮಕ್ಕಳಿಲ್ಲದ ಆ ಮನೆಯಲ್ಲಿ ದಿನಪತ್ರಿಕೆಯಿಂದ ಹಿಡಿದು ಬಸ್ಸಿನ ಬೋರ್ಡಿನವರೆಗೆ ಅವಳ ಪಾಲಿಗೆ ಬಂದದ್ದೆಲ್ಲ ಅವನ ಗಂಟಲಿನಿಂದಲೇ ಬಂದದ್ದು.

ಈಗ ಆ ಗಂಟಲಿಗೇ ಆಪರೇಷನ್. ನಾಲ್ಕು ತಿಂಗಳಿಂದ ದನಿ ಒಡೆದಿತ್ತು. ಶೀತ ಇರಬೇಕು, ಕೂಗಿ ಓದಿ ಹೀಗಾಗಿರಬೇಕು ಎಂದು ಅದೂ ಇದೂ ಹೇಳಿಕೊಂಡು ಕಾಲ ತಳ್ಳಿದ್ದಾಯಿತು. ಕೊನೆಗೆ ಡಾಕ್ಟರು ಅವನನ್ನು ಒಳಗೆ ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದರು. ಅವಳು ಆಪರೇಷನ್ನಿನ ಚೀಟಿ ಹಿಡಿದು ಹೊರಗೆ ಹಣ ಕಟ್ಟುವ ಸಾಲಿನಲ್ಲಿದ್ದಳು. ಪಕ್ಕದಲ್ಲಿ ನಿಂತ ಹೆಂಗಸು ಅದನ್ನು ಓದಿ, ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡು ಬೆಂಚಿನ ಮೇಲೆ ಕೂತಿದ್ದ ತನ್ನ ಗಂಡನನ್ನು ತೋರಿಸಿ, "ಇದೇ ಆಪರೇಷನ್ನೇ ನಮ್ಮವರಿಗೂ. ಮಾತು ಹೋಗಿ ಎರಡು ವರ್ಷ ಆಯ್ತು," ಎಂದಳು. ಬಸ್ಸು ತಪ್ಪಿಹೋಯಿತು ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು. ಅಷ್ಟರಲ್ಲಿ ಗಂಡ ಹೊರಗೆ ಬಂದ. "ಏನಂದ್ರು?" ಎಂದು ಕೇಳಿದರೆ, "ಮೂರು ವಾರ ಇರಬೇಕಂತೆ. ಆಮೇಲೆ ಎಲ್ಲ ಸರಿಹೋಗುತ್ತೆ," ಎಂದ. ಎಂದವನು ನಲ್ಲಿಯ ಹತ್ತಿರ ಹೋಗಿ ಮೂರು ಲೋಟ ನೀರು ಕುಡಿದ.

ಅವನಾಗಿಯೇ ಹೇಳಲಿ ಎಂದು ಅವಳು ಒಂದು ವಾರ ಕಾದಳು. ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಅಳು ಬರುತ್ತದೇನೋ ಎಂದು ನೋಡಿದಳು, ಅದೂ ಬರಲಿಲ್ಲ. ಮೈಯೆಲ್ಲ ಮರಗಟ್ಟಿದಂತೆ ಕೆಲಸಕ್ಕೆ ಹೋಗಿ ಬಂದಳು. ಸೂಜಿ ಬೆರಳಿಗೆ ಚುಚ್ಚಿದ್ದು ಹಾಳೆಯ ಮೇಲೆ ರಕ್ತ ಕಂಡಾಗಲೇ ಗೊತ್ತಾಯಿತು.

ಹೊರಡುವ ಹಿಂದಿನ ದಿನ ಸಂಜೆ ಬ್ಯಾಗು ಮಂಚದ ಮೇಲೆ ಬಾಯಿ ತೆರೆದು ಕೂತಿತು. ಅವನು ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಪುಸ್ತಿಕೆ ಬಿಡಿಸಿದ.

"ಮುಂದೆ ಗುಂಡಿ ಇರುವ ಸಡಿಲ ಅಂಗಿ ನಾಲ್ಕು, ಕಾಮಾ, ತಲೆಯ ಮೇಲಿಂದ ಹಾಕಿಕೊಳ್ಳುವಂಥದ್ದು ಬೇಡ, ಫುಲ್‌ಸ್ಟಾಪ್. ಬಗ್ಗದೆ ಹಾಕಿಕೊಳ್ಳುವ ಚಪ್ಪಲಿ ಒಂದು ಜೊತೆ, ಕಾಮಾ, ಜಾರಬಾರದು, ಫುಲ್‌ಸ್ಟಾಪ್. ಟವೆಲ್ ಎರಡು, ಕಾಮಾ, ಮೆತ್ತನೆಯ ಹತ್ತಿ ಕರವಸ್ತ್ರ ಆರು, ಫುಲ್‌ಸ್ಟಾಪ್."

"ಆರು ಯಾಕ್ರೀ? ಆಪರೇಷನ್ ಗಂಟಲಿಗೆ ತಾನೆ, ಮೂಗಿಗಲ್ವಲ್ಲ."

"ಆರು ಅಂತ ಇದೆ, ಇಡು. ಆಸ್ಪತ್ರೆಯವರ ಹತ್ರ ಚೌಕಾಸಿ ಮಾಡ್ತೀಯಾ?"

ಅವಳು ಅಂಗಿಗಳನ್ನು ಹಾಳೆ ಮಡಿಸುವ ಹಾಗೆ ಮಡಿಸಿದಳು; ಅಂಚಿಗೆ ಅಂಚು, ಮೂಲೆಗೆ ಮೂಲೆ, ಮಡಿಕೆಯ ಮೇಲೆ ಉಗುರಿನಿಂದ ಒಂದು ಗೀರು. ಅವನು ಪುಟ ತಿರುವಿದ. ತಿರುವಿದ್ದು ಎರಡು ಹಾಳೆ ಒಟ್ಟಿಗೆ.

ಅವಳು ಅದನ್ನು ಓರೆಗಣ್ಣಿನಲ್ಲೇ ಕಂಡಳು. ಸದ್ದಿನಲ್ಲೂ ಕೇಳಿದಳು, ಒಂದು ಹಾಳೆಯ ಸದ್ದು ಬೇರೆ, ಎರಡರದು ಬೇರೆ. ಇಂಥ ಪುಸ್ತಿಕೆಯಲ್ಲಿ ಪಿನ್ನಿನ ಬಾಗಿದ ಕಾಲು ಕಾಣುವುದು ನಟ್ಟನಡುವಿನ ಪುಟಗಳಲ್ಲಿ ಮಾತ್ರ. ಅವನು ಮೊದಲ ಪುಟದಿಂದ ಕೊನೆಯ ಪುಟಕ್ಕೆ ಬಂದು ಮುಟ್ಟಿದರೂ ಪಿನ್ನಿನ ಕಾಲು ಹೊರಗೆ ಬರಲೇ ಇಲ್ಲ. ಬೈಂಡಿಂಗ್ ಕೋಣೆಯವಳ ಎದುರು ಪುಟ ಹಾರಿಸಲು ಹೋದ ಪುಣ್ಯಾತ್ಮ! ಆ ಪುಟದಲ್ಲಿ ಇರುವುದು ಸಾಲಿನಲ್ಲಿ ನಿಂತ ಹೆಂಗಸು ಹೇಳಿದ ಸಂಗತಿಯೇ ಎಂದು ಅವಳಿಗೆ ಖಾತ್ರಿಯಾಯಿತು. ಎದೆಯಲ್ಲಿ ಏನೋ ಆಗಬೇಕಿತ್ತು. ಏನೂ ಆಗಲಿಲ್ಲ.

"ಬರೆಯಲು ಒಂದು ಹಲಗೆ, ಕಾಮಾ, ಅಳಿಸಬಹುದಾದ ಪೆನ್ನು ಒಂದು, ಫುಲ್‌ಸ್ಟಾಪ್," ಎಂದು ಓದಿ ಅವನು ಸ್ವಲ್ಪ ತಡೆದ. "ಗಾಯ ಒಣಗೋವರೆಗೆ ಮಾತಾಡಬಾರ್ದಂತೆ. ಅಷ್ಟೇ."

"ಸರಿ," ಎಂದು ಅವಳು ಹೊಸ ಹಲಗೆಯನ್ನು ಅಂಗಿಗಳ ನಡುವೆ ಇಟ್ಟಳು. ಅದು ಯಾರಿಗೆ ಬರೆದು ತೋರಿಸುವ ಹಲಗೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಅವಳ ತಲೆಯಲ್ಲಿ ಅವನ ದನಿಯಿತ್ತು, ಅವನ ತಲೆಯಲ್ಲಿ ಹಾರಿಸಿದ ಪುಟವಿತ್ತು.

"ಬಾಚಣಿಗೆ ಒಂದು, ಕಾಮಾ, ಹೆಂಡತಿ ಒಂದು, ಫುಲ್‌ಸ್ಟಾಪ್."

"ಹಾಗಂತ ಬರೆದಿದ್ದಾರಾ?"

"ಅಚ್ಚಾಗಿದೆ ಕಣೇ. ಬೇಕಾದ್ರೆ ನೀನೇ ನೋಡ್ಕೋ," ಎಂದು ಅವನು ಪುಸ್ತಿಕೆಯನ್ನು ಅವಳ ಮುಖಕ್ಕೆ ಹಿಡಿದ. ಮದುವೆಯಾದಂದಿನಿಂದ ಅವನದು ಇದೇ ತಮಾಷೆ. ಬೇರೆ ಯಾರಾದರೂ ಹೀಗೆ ಅಂದಿದ್ದರೆ ಅವಳು ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಪಟ್ಟಿ ಮುಗಿಯಿತು. ಅವನು ಪುಸ್ತಿಕೆ ಮುಚ್ಚಿ ಏಳಲು ಹೊರಟ. ಅವಳು ಬ್ಯಾಗಿನ ಜಿಪ್ಪು ಎಳೆಯಲಿಲ್ಲ.

"ಇನ್ನೊಂದ್ಸಲ ಓದಿ. ಚಪ್ಪಲಿ ಆದ್ಮೇಲೆ ಏನಂದ್ರಿ, ಮರೆತೋಯ್ತು."

ಅವಳು ಮರೆಯುವುದೆಂದರೇನು? ಓದು ಬಾರದವರು ಎಲ್ಲವನ್ನೂ ನೆನಪಿನಲ್ಲೇ ಇಟ್ಟುಕೊಳ್ಳಬೇಕು. ಒಂದು ಸಲ ಕೇಳಿದ ಸುದ್ದಿಯನ್ನು ತಿಂಗಳ ಮೇಲೂ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ಆದರೆ ಅವನು, ಪಾಪ, ಹೆದರಿಕೆಗೆ ಇವಳ ತಲೆ ಕೆಟ್ಟಿರಬೇಕು ಎಂದುಕೊಂಡು ಮತ್ತೆ ಮೊದಲಿನಿಂದ ಓದಿದ. ಎರಡು ಹಾಳೆ ಮತ್ತೆ ಒಟ್ಟಿಗೆ ಹೊರಳಿದವು. ಅವಳು ಕೈಯಲ್ಲಿ ಟವೆಲ್ ಹಿಡಿದು ನಿಂತೇ ಕೇಳಿದಳು. ನಾಲ್ಕು ಎನ್ನುವಲ್ಲಿ ದನಿ ಸೀಳುತ್ತಿತ್ತು, ಕರವಸ್ತ್ರ ಎನ್ನುವಲ್ಲಿ ಜಾರುತ್ತಿತ್ತು, ಫುಲ್‌ಸ್ಟಾಪ್ ಬಂದಾಗ ಮಾತ್ರ ಹಳೆಯ ಹಾಗೆಯೇ ಗಟ್ಟಿಯಾಗಿ ಬಂದು ನಿಲ್ಲುತ್ತಿತ್ತು.

"ಬ್ಯಾಗ್ ಖಾಲಿ ಮಾಡ್ತೀನಿ. ಎಲ್ಲ ಸರಿ ಇದ್ಯಾ ನೋಡ್ಬೇಕು, ಓದಿ," ಎಂದಳು ಮೂರನೆಯ ಸಲಕ್ಕೆ.

"ಕಿವಿಗೂ ಒಂದು ಆಪರೇಷನ್ ಬರೆಸಿಬಿಡೋಣ್ವಾ ನಿಂಗೆ?"

"ಬರೆಸಿ. ಈಗ ಓದಿ."

ನಾಲ್ಕನೆಯ ಸಲ ಯಾವ ನೆಪವನ್ನೂ ಹೇಳಲಿಲ್ಲ. "ಓದಿ," ಎಂದಳು ಅಷ್ಟೇ. ಅವನು ಅವಳ ಮುಖ ನೋಡಿದ. ಬಿಸಿನೀರು ಒಂದು ಗುಟುಕು ಕುಡಿದು ಓದಿದ. ಹೊತ್ತು ಮುಳುಗುತ್ತಿತ್ತು, ಅಕ್ಷರ ಕಾಣುತ್ತಿತ್ತೋ ಇಲ್ಲವೋ, ಬಾಯಿಪಾಠವೇ ಆಗಿಹೋಗಿತ್ತೋ. "ಹೆಂಡತಿ ಒಂದು" ಎನ್ನುವಾಗ ದನಿ ಪೂರ್ತಿ ಕೈಕೊಟ್ಟಿತು; ಕೆಮ್ಮಿ ಸರಿಮಾಡಿಕೊಂಡು ಫುಲ್‌ಸ್ಟಾಪ್ ಹೇಳಿದ. ಅವಳು ಜಿಪ್ಪು ಎಳೆದಳು. ಪುಸ್ತಿಕೆಯನ್ನು ಮೇಲಿನ ಜೇಬಿಗೆ ತುರುಕಿದಳು.

ಆಪರೇಷನ್ ಏಳು ಗಂಟೆ ನಡೆಯಿತು. ಐದನೆಯ ದಿನ ಅವನನ್ನು ವಾರ್ಡಿಗೆ ತಂದರು. ಕುತ್ತಿಗೆಯ ಬುಡದಲ್ಲಿ ಒಂದು ರಂಧ್ರ. ಇನ್ನು ಮೇಲೆ ಉಸಿರೆಲ್ಲ ಅದರಿಂದಲೇ. ಅದರ ಬಾಯಿ ಒರೆಸಿ ಒರೆಸಿ, ಆರು ಕರವಸ್ತ್ರ ಯಾಕೆ ಎಂಬುದಕ್ಕೆ ಮೊದಲ ಬೆಳಗ್ಗೆಯೇ ಉತ್ತರ ಸಿಕ್ಕಿತು. ಅವಳು ಒಗೆದಳು, ಕಿಟಕಿಯ ಕಂಬಿಗೆ ಒಣಹಾಕಿದಳು, ಮಡಿಸಿದಳು. ಚಪ್ಪಲಿಯನ್ನು ಮಂಚದ ಕೆಳಗೆ ಜೋಡಿಸಿಟ್ಟಳು. ಊಟ ಮಾಡಿದಳೇ ಇಲ್ಲವೇ ಎಂದು ಯಾರಾದರೂ ಕೇಳಿದ್ದರೆ ಯೋಚಿಸಿ ಹೇಳಬೇಕಾಗುತ್ತಿತ್ತು.

ಮಧ್ಯಾಹ್ನ ಅವನು ಹಲಗೆ ಬೇಕೆಂದು ಸನ್ನೆ ಮಾಡಿದ. ದಿಂಬಿಗೆ ಒರಗಿ ಬಹಳ ಹೊತ್ತು ಬರೆದ. ಬರೆದು ಅವಳ ಕಡೆ ತಿರುಗಿಸಿದ. ಹಲಗೆ ತುಂಬ ಬರವಣಿಗೆ; ಸಾಲು ನೇರವಾಗಿತ್ತು, ಎಡದ ಅಂಚು ಸಮವಾಗಿತ್ತು, ತಪ್ಪು ಹುಡುಕುವಂತಿರಲಿಲ್ಲ. ಅವಳು ಎಂದಿನ ಅಭ್ಯಾಸದಂತೆ ಅವನು ಓದಲಿ ಎಂದು ಕಾದಳು. ಅವನು ಅವಳು ಓದಲಿ ಎಂದು ಕಾದ.

ಮೊದಲು ಅರಿವಾದದ್ದು ಅವನಿಗೆ. ಅವನ ಕೈಯಲ್ಲಿ ಹಲಗೆ ನಿಧಾನವಾಗಿ ಕೆಳಗಿಳಿಯಿತು. ಎಲ್ಲವನ್ನೂ ಪಟ್ಟಿ ಹಿಡಿದು ತುಂಬಿಕೊಂಡು ಬಂದಿದ್ದರು, ಇದೊಂದನ್ನು ಇಬ್ಬರೂ ಮರೆತಿದ್ದರು. ಇಷ್ಟು ವರ್ಷ ಅವಳ ಕಣ್ಣಿನ ಕೆಲಸವನ್ನು ಅವನ ಬಾಯಿ ಎಷ್ಟು ಚೆನ್ನಾಗಿ ಮಾಡಿತ್ತೆಂದರೆ, ಅವಳಿಗೆ ಓದು ಬಾರದು ಎಂಬುದು ಅವನಿಗೇ ಮರೆತುಹೋಗಿತ್ತು.

ಔಷಧಿಯ ತಟ್ಟೆ ಹಿಡಿದು ಬಂದ ನರ್ಸು ಎಳೆಯ ಹುಡುಗಿ, ಕೂದಲಿಗೆ ಪೆನ್ನು ಸಿಕ್ಕಿಸಿಕೊಂಡಿದ್ದಳು. "ಓಹೋ, ಅಂಕಲ್ ಆಗ್ಲೇ ಕಾಗದ ಬರೆಯೋಕೆ ಶುರು ಮಾಡ್ಬಿಟ್ರಾ? ಏನ್ ಬರ್ದಿದ್ದಾರಮ್ಮ?" ಎಂದು ಬಗ್ಗಿದಳು. ನರ್ಸು ನೋಡುವುದಕ್ಕೂ ಮೊದಲೇ ಅವನು ಅಂಗೈಯಿಂದ ಎಲ್ಲವನ್ನೂ ಒರೆಸಿಬಿಟ್ಟ. ಹೆಂಡತಿಯ ಗುಟ್ಟನ್ನು ಅವನು ಇಷ್ಟು ವರ್ಷ ಕಾಪಾಡಿದವನು. ಮಾತು ಹೋಯಿತೆಂದು ಬಿಟ್ಟುಕೊಡುತ್ತಾನೆಯೇ? ಕೈಯೆಲ್ಲ ಮಸಿಯಾಯಿತು.

ಆ ಮಸಿಗೈಯನ್ನು ಅವಳು ನೋಡಿದಳು. ಎದ್ದು ಬ್ಯಾಗಿನ ಮೇಲಿನ ಜೇಬಿನಿಂದ ಪುಸ್ತಿಕೆ ತೆಗೆದಳು. ಹೆಬ್ಬೆರಳಿನಿಂದ ನಟ್ಟನಡುವೆ, ಪಿನ್ನಿನ ಕಾಲು ಕಾಣುವಲ್ಲಿ ಬಿಡಿಸಿದಳು.

"ಸಿಸ್ಟರ್, ನಂಗೆ ಓದೋಕೆ ಬರಲ್ಲ. ಈ ಪುಟ ಸ್ವಲ್ಪ ಓದಿ."

ಹುಟ್ಟಿದ ಮೇಲೆ ಈ ಮಾತನ್ನು ಅವಳು ಹೊರಗಿನವರ ಮುಂದೆ ಆಡಿದ್ದು ಇದೇ ಮೊದಲು. ಅವನು ಅವಳ ಮುಂಗೈ ಹಿಡಿದು ಬೇಡ ಬೇಡ ಎಂದು ತಲೆಯಾಡಿಸಿದ. ಅವಳು ಕೈ ಬಿಡಿಸಿಕೊಳ್ಳಲೂ ಇಲ್ಲ, ಪುಸ್ತಿಕೆ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ನರ್ಸು ಓದಿದಳು. ಕಾಮಾ ಫುಲ್‌ಸ್ಟಾಪ್ ಹೇಳದೆ ಓದಿದಳು. ಅದನ್ನು ಕೇಳುವುದೇ ಅವಳಿಗೆ ಒಂಥರಾ ಎನಿಸಿತು. "ಧ್ವನಿಪೆಟ್ಟಿಗೆಯನ್ನು ತೆಗೆಯುವುದರಿಂದ ಸಹಜವಾದ ಧ್ವನಿ ಮರಳಿ ಬರುವುದಿಲ್ಲ. ಗಾಯ ಮಾಗಿದ ನಂತರ ಉಪಕರಣದ ನೆರವಿನಿಂದ ಮಾತಾಡಲು ಕಲಿಸಲಾಗುತ್ತದೆ, ಆದರೆ ಅದು ಮೊದಲಿನ ಧ್ವನಿಯಾಗಿರುವುದಿಲ್ಲ. ಆಸ್ಪತ್ರೆಗೆ ಹೊರಡುವ ಮೊದಲು ಮನೆಯವರೊಂದಿಗೆ ಮನಸ್ಸು ಬಿಚ್ಚಿ ಮಾತಾಡಿಕೊಳ್ಳಿ. ಬೇಕಿದ್ದರೆ ಧ್ವನಿಯನ್ನು ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ." ಅಷ್ಟು ಓದಿ ನಿಂತಳು. "ಅಮ್ಮ, ಇದನ್ನ ನಿಮಗೆ ಯಾರೂ ಓದಿ ಹೇಳ್ಲಿಲ್ವಾ?"

ಅವನು ಗೋಡೆಯ ಕಡೆ ಮುಖ ತಿರುಗಿಸಿದ.

"ಹೇಳ್ಲಿಲ್ಲ. ಆದ್ರೆ ನಂಗೆ ಗೊತ್ತಿತ್ತು," ಎಂದಳು ಅವಳು. ಅದು ನರ್ಸಿಗೆ ಹೇಳಿದ್ದಲ್ಲ, ಗಂಡನಿಗೆ. "ಎರಡು ಹಾಳೆ ಒಟ್ಟಿಗೆ ತಿರುವಿದ್ರಿ. ನಾಲ್ಕು ಸಲಾನೂ. ನಾಲ್ಕು ಸಲ ಯಾಕೆ ಓದಿಸ್ದೆ ಅಂದ್ಕೊಂಡ್ರಿ?"

ಗೋಡೆಯ ಕಡೆಗಿದ್ದ ತಲೆ ಮೆಲ್ಲಗೆ ಈ ಕಡೆ ತಿರುಗಿತು. ನರ್ಸು ತಟ್ಟೆ ಎತ್ತಿಕೊಂಡು ಸದ್ದಿಲ್ಲದೆ ಹೋದಳು.

ಅವಳು ಸ್ಟೂಲು ಹತ್ತಿರ ಎಳೆದುಕೊಂಡು ಕೂತಳು. ಖಾಲಿ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಶುರುಮಾಡಿದಳು. "ಮುಂದೆ ಗುಂಡಿ ಇರುವ ಸಡಿಲ ಅಂಗಿ ನಾಲ್ಕು, ಕಾಮಾ, ತಲೆಯ ಮೇಲಿಂದ ಹಾಕಿಕೊಳ್ಳುವಂಥದ್ದು ಬೇಡ, ಫುಲ್‌ಸ್ಟಾಪ್." ಅವನು ತಡೆದ ಕಡೆ ತಡೆದಳು, ಕೆಮ್ಮಿದ ಕಡೆ ನಿಂತು ಮುಂದುವರಿದಳು. ಅವನ ತುಟಿ ಅವಳ ಜೊತೆಗೇ ಅಲುಗತೊಡಗಿತು. ಚಪ್ಪಲಿ ಬಂತು, ಟವೆಲ್ ಬಂತು, ಹಲಗೆ ಬಂತು.

"ಬಾಚಣಿಗೆ ಒಂದು, ಕಾಮಾ, ಹೆಂಡತಿ ಒಂದು," ಎಂದಳು.

ಅವನು ಅಳತೊಡಗಿದ. ಭುಜ ಕುಲುಕುತ್ತಿತ್ತು, ಬಾಯಿ ತೆರೆದಿತ್ತು, ಸದ್ದು ಮಾತ್ರ ಎಲ್ಲೂ ಇರಲಿಲ್ಲ. ಕುತ್ತಿಗೆಯ ರಂಧ್ರದಲ್ಲಿ ಬರೀ ಗಾಳಿ ಓಡಾಡುತ್ತಿತ್ತು. ಅಳುವುದಕ್ಕೂ ದನಿ ಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಆಗ ಅಲ್ಲಿ ಅವನ ಪಾಲಿನದನ್ನೂ ಸೇರಿಸಿ ಅವಳು ಅತ್ತಳು, ಇಡೀ ವಾರ್ಡಿಗೆ ಕೇಳುವಂತೆ ಗಟ್ಟಿಯಾಗಿ ಅತ್ತಳು. ಆಮೇಲೆ ಕಿಟಕಿಯ ಕಂಬಿಯಿಂದ ಒಣಗಿದ ಎರಡು ಕರವಸ್ತ್ರ ತಂದು, ಒಂದನ್ನು ಅವನ ಕೈಗೆ ಕೊಟ್ಟು, ಇನ್ನೊಂದರಲ್ಲಿ ಮುಖ ಒರೆಸಿಕೊಂಡಳು.