ಲಾರಿ ಎಲ್ಲಿ ತಿರುಗಬೇಕು

ಹೊಸ ರಸ್ತೆಯ ನಕ್ಷೆಯಲ್ಲಿ ಆರ್ಲಿಸ್‌ಳ ಟಯರ್ ಅಂಗಡಿಯ ಮುಂದೆ ಒಂದು ಹಳದಿ ಗೆರೆ ಎಳೆದಿತ್ತು. ಒಂದು ಮೈಲಿ ಉದ್ದಕ್ಕೂ ಅದು ಎಲ್ಲೂ ತುಂಡಾಗಿರಲಿಲ್ಲ. ಅದೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಡಿವೈಡರ್.

ಪಶ್ಚಿಮಕ್ಕೆ ಹಾಲ್ವರ್, ಪೂರ್ವಕ್ಕೆ ಎಲ್ಬೋ ಕ್ರೀಕ್. ಅಮೆರಿಕದ ಮಿನ್ನೆಸೋಟ ರಾಜ್ಯದ ಈ ಎರಡು ಪುಟ್ಟ ನಗರಗಳು ಎಂದೂ ಒಂದು ಮಾತಿಗೆ ಬಂದವಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು. ಐಸ್ ಹಾಕಿ ಪಂದ್ಯದ ಮಾರನೆಯ ದಿನ ಒಂದೂರಿನವರು ಇನ್ನೊಂದೂರಿಗೆ ಹಾಲು ತರಲೂ ಹೋಗುತ್ತಿರಲಿಲ್ಲ. ಈಗ ಮಾತ್ರ, ನಡುವಿನ ಮಣ್ಣುದಾರಿಯ ಜಾಗದಲ್ಲಿ ನಾಲ್ಕು ಸಾಲಿನ ಹೊಸ ರಸ್ತೆ ಹಾಕಿಸಿ, ಅದರ ಎರಡೂ ಬದಿಗೆ ಹೋಟೆಲು, ಗೋದಾಮು, ಅಂಗಡಿಸಾಲು ತರಿಸೋಣವೆಂದು ಕೈ ಕುಲುಕಿದ್ದವು. ಆ ರಸ್ತೆಗೆ ಹೆಸರಿಡುವುದಕ್ಕೇ ಏಳು ಸಭೆ ಹಿಡಿದಿತ್ತು.

ಆರ್ಲಿಸ್‌ಳ ಅಂಗಡಿ ಇದ್ದದ್ದು ಎರಡು ನಗರಗಳ ಗಡಿಯ ಮೇಲೆ, ಮಣ್ಣುದಾರಿಯ ಉತ್ತರದ ಬದಿಗೆ. ಟ್ರ್ಯಾಕ್ಟರಿನ ಆಳೆತ್ತರದ ಟಯರು ಬಿಚ್ಚಿ ಕೂಡಿಸುವವರು ಸುತ್ತ ಮೂವತ್ತು ಮೈಲಿಯಲ್ಲಿ ಅವಳು, ಗಂಡ ವೆಂಡೆಲ್ ಬಿಟ್ಟರೆ ಇನ್ಯಾರೂ ಇರಲಿಲ್ಲ. ನಾಲ್ವರಲ್ಲಿ ಮೂವರು ಗಿರಾಕಿಗಳು ಪಶ್ಚಿಮದ ಹೊಲಗಳವರು. ಅಲ್ಲಿ ಗಾಡಿಗಳು ರಸ್ತೆಯ ಬಲಬದಿಗೆ ಓಡುವುದರಿಂದ ಅವರು ಬರುವುದು ದಕ್ಷಿಣದ ಸಾಲಿನಲ್ಲಿ; ಡಿವೈಡರ್ ಬಂದರೆ ಅಂಗಡಿಯನ್ನು ಕಣ್ಣಾರೆ ಕಂಡೂ ಅಡ್ಡ ದಾಟುವಂತಿಲ್ಲ. ಇನ್ನೂ ಅರ್ಧ ಮೈಲಿ ಮುಂದಕ್ಕೆ ಹೋಗಿ, ಬರಲಿರುವ ಹೋಟೆಲಿನೆದುರು ಡಿವೈಡರಿನಲ್ಲಿ ಬಿಡುವ ತೆರವಿನಲ್ಲಿ ತಿರುಗಿಸಿಕೊಂಡು ಬರಬೇಕು. ಕಾಳಿನ ಬಂಡಿ ಕಟ್ಟಿದ, ಒಂದು ಚಕ್ರ ಕುಸಿದ ಟ್ರ್ಯಾಕ್ಟರನ್ನು ಕಾರುಗಳ ನಡುವೆ ಯಾವನು ಹಾಗೆ ತಿರುಗಿಸಿಯಾನು? ಅವನು ಬೇರೆ ಊರಿಗೆ ಫೋನ್ ಮಾಡುತ್ತಾನೆ, ಅಷ್ಟೆ.

ಮಾರ್ಚ್‌ನಲ್ಲಿ ಲುಥೆರನ್ ಚರ್ಚಿನ ನೆಲಮಾಳಿಗೆಯಲ್ಲಿ ಎರಡೂ ನಗರಸಭೆಗಳು ಒಟ್ಟಿಗೆ ಸೇರಿದವು. ಆರ್ಲಿಸ್ ತನಗೆ ಕೊಟ್ಟ ಮೂರು ನಿಮಿಷದಲ್ಲಿ ಎರಡೇ ನಿಮಿಷ ಬಳಸಿ ತನ್ನ ಕಷ್ಟ ಹೇಳಿದಳು. ರಸ್ತೆಯ ಎಂಜಿನಿಯರ್ ಕೊರಿನ್ ಹುಡುಗಾಟದ ಹೆಂಗಸಲ್ಲ. ಪೂರ್ತಿ ಕೇಳಿಸಿಕೊಂಡಳು.

"ಮೈಲಿಗೊಂದೇ ತೆರವು ಅಂತ ನಿಯಮ ಇದೆ ಮೇಡಂ. ಎರಡೂ ನಗರದವರು ಸೇರಿ, ಸರಿಯಾದ ಕಾರಣ ಕೊಟ್ಟು ಒಂದೇ ಪತ್ರದಲ್ಲಿ ಕೇಳಿದ್ರೆ ನಾನು ಸಡಿಲ ಮಾಡ್ಬಹುದು. ಒಬ್ಬರೇ ಕೇಳಿದ್ರೆ ಆಗಲ್ಲ."

ಹಾಲ್ವರ್‌ನ ಮೇಯರು, "ನಮ್ಮದೇನಿಲ್ಲಮ್ಮ, ಅವರು ಮೊದ್ಲು ಬರೀಲಿ" ಎಂದ. ಎಲ್ಬೋ ಕ್ರೀಕ್‌ನ ಮೇಯರಮ್ಮನೂ ಅದೇ ಮಾತನ್ನು ಇನ್ನಷ್ಟು ಸಿಹಿಯಾಗಿ ಹೇಳಿದಳು.

"ವಕೀಲನ್ನ ಹಿಡಿಯೋಣ ಕಣೇ," ಎಂದ ವೆಂಡೆಲ್ ಮನೆಗೆ ಬಂದಮೇಲೆ.

"ವಕೀಲ ಗೆಲ್ಲೋ ಹೊತ್ತಿಗೆ ನಾವಿಬ್ಬರೂ ಚರ್ಚಿನ ಹಿಂದಿನ ಮಣ್ಣಲ್ಲಿರ್ತೀವಿ. ಸುಮ್ನೆ ಸೂಪು ಕುಡಿ."

ಅವಳ ತಲೆಯಲ್ಲಿ ಬೇರೊಂದು ಲೆಕ್ಕ ಓಡುತ್ತಿತ್ತು. ನನಗೇನು ಬೇಕೆಂದು ಹೇಳಿದ್ದಾಯಿತು; ಅದು ಯಾರಿಗೂ ತಟ್ಟಲಿಲ್ಲ. ಈ ಎರಡೂ ಊರಿನವರಿಗೆ ಸ್ವಂತಕ್ಕೆ ಬೇಕಾದದ್ದು ಯಾವುದು? ಮೂರು ದಿನ ಪಂಕ್ಚರ್ ಹಾಕುತ್ತಲೇ ಯೋಚಿಸಿದಳು. ನಾಲ್ಕನೆಯ ದಿನ ಎರಡು ಫೋನ್ ಮಾಡಿದಳು.

ಹಾಲ್ವರ್‌ನ ಬೀದಿಗಳ ಉಸ್ತುವಾರಿ ನೋಡುವ ಬುಚ್ ಅಂಗಡಿಗೆ ಮೊದಲು ಬಂದ. ಎಲ್ಬೋ ಕ್ರೀಕ್‌ನಲ್ಲಿ ಅದೇ ಕೆಲಸದಲ್ಲಿದ್ದ ಮರ್ಲ್ ಹಿಂದೆಯೇ ಬಂದ. ಚಳಿಗಾಲದಲ್ಲಿ ಮುಂದೆ ಕಬ್ಬಿಣದ ಹಲಗೆ ಕಟ್ಟಿ ಹಿಮ ಬಾಚುವ ಲಾರಿಗಳು ಇಬ್ಬರ ಕೈಕೆಳಗೂ ಇದ್ದವು. ಒಬ್ಬರನ್ನೊಬ್ಬರು ನೋಡಿ ಇಬ್ಬರೂ ಗಂಟಲು ಸರಿಮಾಡಿಕೊಂಡರು.

"ಇವನನ್ನೂ ಕರೆದಿದೀಯ ಅಂತ ಹೇಳ್ಲೇ ಇಲ್ವಲ್ಲ ಆರ್ಲಿಸ್," ಎಂದ ಬುಚ್.

"ಹೇಳಿದ್ರೆ ಬರ್ತಿದ್ದೆಯಾ? ಕೂತ್ಕೊ. ಕಾಫಿ ಬಿಸಿ ಇದೆ, ಬಾರ್ಲಿ ಸೂಪೂ ಇದೆ." ಅವಳು ಬೆಂಚಿನ ಮೇಲೆ ನಕ್ಷೆ ಹರಡಿದಳು. "ಮೊದ್ಲೇ ಹೇಳಿಬಿಡ್ತೀನಿ, ಇದರಲ್ಲಿ ನನ್ನ ಸ್ವಾರ್ಥ ಇದೆ. ನನಗೆ ಇಲ್ಲಿ ತೆರವು ಬೇಕು. ಅದು ಬದಿಗಿರ್ಲಿ. ಬುಚ್, ನಿನ್ನ ಲಾರಿ ಹಿಮ ಬಾಚ್ಕೊಂಡು ಈ ಸಾಲಲ್ಲಿ ಬರುತ್ತೆ. ಗಡಿ ಇಲ್ಲಿ, ನನ್ನ ಗೋಡೆ ಹತ್ರ. ಆಮೇಲೆ?"

"ಆಮೇಲೇನು? ತಿರುಗಿಸ್ಕೊಂಡು ಆ ಸಾಲು ಬಾಚ್ಕೊಂಡು ವಾಪಸ್ಸು."

"ಎಲ್ಲಿ ತಿರುಗಿಸ್ತೀಯ?"

ಬುಚ್ ಬೆರಳನ್ನು ಹಳದಿ ಗೆರೆಯ ಮೇಲೆ ಓಡಿಸಿದ. ಗಡಿ ದಾಟಿತು, ಎಲ್ಬೋ ಕ್ರೀಕ್‌ನೊಳಕ್ಕೆ ಹೋಯಿತು, ಹೋಟೆಲಿನವರೆಗೂ ಹೋಗಿ ನಿಂತಿತು.

"ಅರ್ಧ ಮೈಲಿ," ಎಂದ ಮೆಲ್ಲಗೆ. ಆಮೇಲೆ ದನಿಯೇರಿತು. "ಅಂದ್ರೆ ನಾನು ಇವರೂರಿನ ಹಿಮ ಬಾಚ್ಬೇಕಾ? ಬಿಟ್ಟಿ?"

ಮರ್ಲ್‌ಗೆ ಖುಷಿಯೋ ಖುಷಿ. "ಬಾಚಪ್ಪ, ಪುಣ್ಯ ಬರುತ್ತೆ. ಹಾಗೇ ಹೋಟೆಲಿನ ಮೆಟ್ಟಿಲನ್ನೂ ಗುಡಿಸಿಬಿಡು."

"ಮರ್ಲ್, ನಿನ್ನ ಲಾರಿ ಆ ಕಡೆಯಿಂದ ಬಂದು ಎಲ್ಲಿ ತಿರುಗುತ್ತೆ?" ಎಂದಳು ಆರ್ಲಿಸ್.

ನಕ್ಷೆಯ ಮೇಲೆ ಓಡಿದ ಬೆರಳಿನ ಜೊತೆ ಮರ್ಲ್‌ನ ನಗುವೂ ಗೋದಾಮಿನ ತನಕ ಹೋಗಿ ನಿಂತಿತು. ಆ ಕಡೆಯ ತೆರವು ಅಲ್ಲಿತ್ತು, ಹಾಲ್ವರ್‌ನೊಳಗೆ ಅರ್ಧ ಮೈಲಿ.

"ಹಲಗೆ ಮೇಲೆತ್ಕೊಂಡು ಹೋಗ್ತೀನಿ. ಒಂದು ಹಿಡಿ ಹಿಮಾನೂ ಮುಟ್ಟಲ್ಲ."

"ಹಲಗೆ ಎತ್ಕೊಂಡು ಬಾಚದ ಹಿಮದ ಮೇಲೆ ಹೋಗ್ತೀಯಾ? ಹೋಗು. ನಿನ್ನ ಲಾರೀನ ಎಳೆಯೋಕೆ ನನ್ನ ಲಾರಿ ಬರುತ್ತೆ, ಹಾಲ್ವರ್ ಪೂರ್ತಿ ನಿಂತು ಫೋಟೋ ತೆಗೀತದೆ," ಎಂದ ಬುಚ್.

ಇಬ್ಬರೂ ಎರಡೆರಡು ಬಟ್ಟಲು ಸೂಪು ಮುಗಿಸುವಷ್ಟರಲ್ಲಿ ಒಂದು ಪತ್ರ ಸಿದ್ಧವಾಯಿತು. ಬರೆದವನು ಮರ್ಲ್, ತಿದ್ದಿದವನು ಬುಚ್. ಒಬ್ಬರ ಹಿಮವನ್ನು ಇನ್ನೊಬ್ಬರು ಬಾಚುವ ಪ್ರಮೇಯ ಬರದಂತೆ ಗಡಿಯಲ್ಲಿ ಒಂದು ತೆರವು ಬೇಕು ಎಂದು ಅದರಲ್ಲಿತ್ತು. ಎರಡು ವಾರದಲ್ಲಿ ಇಬ್ಬರು ಮೇಯರುಗಳೂ ಸಹಿ ಹಾಕಿದರು. ಅಷ್ಟು ಹುರುಪು ಅವರಿಗೆ ಆ ರಸ್ತೆಯ ವಿಷಯದಲ್ಲೂ ಬಂದಿರಲಿಲ್ಲ.

ಕೊರಿನ್ ಅಂಗಡಿಗೇ ಬಂದು ಅಳತೆ ತೆಗೆದಳು. ಬುಚ್, ಮರ್ಲ್ ಇಬ್ಬರೂ ಬಂದಿದ್ದರು. ತನ್ನ ಬೆನ್ನ ಹಿಂದೆ ಇನ್ನೊಬ್ಬ ಏನಾದರೂ ಹೊಡೆದುಕೊಂಡಾನು ಎಂಬ ಭಯ.

"ತೆರವು ಕೊಡ್ತೀನಿ. ಆದ್ರೆ 'ಹಿಮದ ಲಾರಿಗಳಿಗೆ ಮಾತ್ರ' ಅಂತ ಫಲಕ ಹಾಕ್ಬೇಕಾಗುತ್ತೆ," ಎಂದಳು ಕೊರಿನ್.

ಹಾಗಾದರೆ ಆರ್ಲಿಸ್‌ಳ ಗಿರಾಕಿಗಳು ದಾಟುವಂತಿರಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ಬುಚ್ ಕೇಳಿದ, "ಆ ಫಲಕ ಯಾರದು?"

"ಅಂದ್ರೆ?"

"ಡಿವೈಡರ್ ಮೇಲಿನ ಫಲಕ ನಮ್ಮ ಲಾರಿ ತಗುಲಿ ಚಳಿಗಾಲಕ್ಕೆ ನಾಲ್ಕು ಸಲ ಮುರಿಯುತ್ತೆ. ಯಾರು ನಿಲ್ಲಿಸ್ಬೇಕು?"

"ಮುರಿದವರು," ಎಂದ ಮರ್ಲ್.

"ತೆರವು ನಿನ್ನ ಕಡೆಗೆ ಎರಡಡಿ ಜಾಸ್ತಿ ಬರುತ್ತೆ, ನೀನೇ ನಿಲ್ಲಿಸು."

ಕೊರಿನ್ ಇಬ್ಬರ ಮುಖವನ್ನೂ ನೋಡಿದಳು, ಆಮೇಲೆ ಆರ್ಲಿಸ್‌ಳ ಕಡೆ ತಿರುಗಿದಳು.

"ಟ್ರ್ಯಾಕ್ಟರುಗಳು ದಾಟೋದಾದ್ರೆ ಅವು ನಿಂತು ಕಾಯೋಕೆ ನಡುವೆ ಡಿವೈಡರ್ ಪಕ್ಕ ಇನ್ನೊಂದು ಸಾಲು ಬೇಕು. ರಸ್ತೆ ಈ ಕಡೆಗೆ ಹದಿನಾಲ್ಕು ಅಡಿ ಸರಿಯುತ್ತೆ. ನಿಮ್ಮ ಅಂಗಳ ಕೊಡ್ತೀರಾ? ಕೊಟ್ರೆ ಫಲಕ ಬೇಡ. ಎಲ್ಲ ಗಾಡಿಗಳೂ ದಾಟಬಹುದು ಅಂತ ಕಾಗದದ ಮೇಲೂ ಸರಿಯಾಗಿಯೇ ಬರೀತೀನಿ."

ಅಂಗಳದಲ್ಲಿ ವೆಂಡೆಲ್ ನೆಟ್ಟಿದ್ದ ಮೂರು ಪ್ಲಮ್ ಗಿಡಗಳಿದ್ದವು. ಆರ್ಲಿಸ್ ಗಂಡನ ಮುಖ ನೋಡಿದಳು. ಅವನು ಒಂದು ಗಿಡದ ಕೊಂಬೆ ಬಗ್ಗಿಸಿ ನೋಡಿದ.

"ಹತ್ತು ವರ್ಷದಲ್ಲಿ ಎರಡು ಸಲ ಹಣ್ಣು ಬಿಟ್ಟಿವೆ," ಎಂದ. "ಅದೂ ಹುಳಿ. ತಗೊಳ್ರಿ."

ಮರುವರ್ಷದ ಅಕ್ಟೋಬರಿನಲ್ಲಿ, ಮೆಕ್ಕೆಜೋಳದ ಕೊಯ್ಲಿನ ನಡುವೆ, ರಸ್ತೆ ತೆರೆಯಿತು. ಮೇಯರುಗಳು ಒಂದೇ ರಿಬ್ಬನ್ನಿಗೆ ಎರಡು ಕತ್ತರಿ ಹಿಡಿದರು. ಕೇಕು ತಿಂದು ಜನ ಇನ್ನೂ ಚದುರಿರಲಿಲ್ಲ. ಪಶ್ಚಿಮದಿಂದ ಒಂದು ಟ್ರ್ಯಾಕ್ಟರು ಜೋಳದ ಬಂಡಿ ಎಳೆದುಕೊಂಡು, ಹಿಂದಿನ ಚಕ್ರ ಕುಸಿದು, ಕುಂಟುತ್ತ ಬಂತು. ತೆರವಿನಲ್ಲಿ ನಿಂತಿತು. ಎದುರಿನಿಂದ ಬರುತ್ತಿದ್ದ ಎರಡು ಕಾರುಗಳನ್ನು ಹೋಗಗೊಟ್ಟು, ನಿಧಾನವಾಗಿ ದಾಟಿ ಒಳಕ್ಕೆ ಬಂತು.

"ವೆಂಡೆಲ್, ದೊಡ್ಡ ಜಾಕು ತಾ," ಎಂದು ಕೂಗಿ, ಆರ್ಲಿಸ್ ಕೇಕಿನ ತಟ್ಟೆಯನ್ನು ಮರ್ಲ್‌ನ ಕೈಗೆ ಕೊಟ್ಟು ನಡೆದಳು.